ಬಾಗುವ ಹಳಿ ಹಾಸುವ ಬಗೆ: ತಿರುವು ಶುರುವಾಗುವ ಜಾಗ ನೋಡಿಕೊಳ್ಳಿ

ಮನೆಯಲ್ಲಿ ಮಾದರಿ ರೈಲು ಕಟ್ಟುವವರ ದೂರುಗಳಲ್ಲಿ ಒಂದು ಮತ್ತೆ ಮತ್ತೆ ಕೇಳಿಬರುತ್ತದೆ. ನೇರ ಹಳಿಯ ಮೇಲೆ ಗಾಡಿ ಸರಾಗವಾಗಿ ಓಡುತ್ತದೆ. ತಿರುವಿಗೆ ಹೊರಳಿದ ಕೂಡಲೇ ನಡುವಿನ ಯಾವುದೋ ಬೋಗಿಯ ಗಾಲಿ ಮೇಲೇರಿ ಹಳಿ ತಪ್ಪುತ್ತದೆ. ಗಾಡಿಯನ್ನು ಹಿಂದಕ್ಕೆ ತಳ್ಳಿದರಂತೂ ತಪ್ಪುವುದು ಖಂಡಿತ. ಆಗ ಹೆಚ್ಚಿನವರು ತಿರುವು ತೀರ ಬಿಗಿಯಾಯಿತು ಅಂದುಕೊಂಡು ಇನ್ನೂ ಅಗಲದ ತಿರುವಿಗೆ ಜಾಗ ಹುಡುಕುತ್ತಾರೆ. ಜಾಗ ಸಿಗದಿದ್ದರೆ ಬೋಗಿಯನ್ನು ದೂರುತ್ತಾರೆ. ಆದರೆ ಬಹಳ ಸಲ ದೋಷ ಇರುವುದು ನೇರ ಹಳಿ ತಿರುವನ್ನು ಕೂಡುವ ಎರಡು ಗೇಣು ಜಾಗದಲ್ಲಿ. ಅದನ್ನು ಸರಿಪಡಿಸಲು ಬಾಗುವ ಹಳಿಗಿಂತ, ಅಂದರೆ ಅಂಗಡಿಯವರು ಫ್ಲೆಕ್ಸ್ ಟ್ರ್ಯಾಕ್ ಅನ್ನುವ ಹಳಿಗಿಂತ, ಒಳ್ಳೆಯ ಸಾಧನ ಇಲ್ಲ. ಅದು ಯಾಕೆ ಅನ್ನುವುದನ್ನು ಮೊದಲು ನೋಡಿ, ಆಮೇಲೆ ಹಾಸುವ ಕ್ರಮಕ್ಕೆ ಬರೋಣ. ಕಾರಣ ತಿಳಿದವರಿಗೆ ಕ್ರಮ ತಾನಾಗಿ ನೆನಪಿರುತ್ತದೆ.

ಲೆಕ್ಕಕ್ಕೆ ಒಂದು ನಿಜವಾದ ಮಾರ್ಗ ಕಣ್ಣೆದುರಿರಲಿ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯವರಿಗೆ ಮಾದರಿಗೆಂದು ದೂರದ ಮಾರ್ಗ ಹುಡುಕುವ ಅಗತ್ಯವಿಲ್ಲ. ಬೆಳಗಾವಿಯಿಂದ ಮಿರಜಕ್ಕೆ ಹೋಗುವ ಹಳಿ ಪಾಶ್ಚಾಪುರ, ಗೋಕಾಕ ರೋಡ್, ಘಟಪ್ರಭಾ, ಚಿಕ್ಕೋಡಿ ರೋಡ್ ದಾಟಿ ರಾಯಬಾಗದ ಕಡೆ ಸಾಗುತ್ತದೆ. ಸದರ್ನ್ ಮರಾಠಾ ರೈಲ್ವೆ 19ನೇ ಶತಮಾನದ ಕೊನೆಯಲ್ಲಿ ಮೀಟರ್ ಗೇಜಿನಲ್ಲಿ ಹಾಸಿದ ಈ ಮಾರ್ಗ 1908ರಲ್ಲಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯ ಪಾಲಾಯಿತು, 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು, 2003ರಿಂದ ಹುಬ್ಬಳ್ಳಿಯಲ್ಲಿ ಮುಖ್ಯ ಕಚೇರಿ ಇರುವ ನೈಋತ್ಯ ರೈಲ್ವೆಗೆ ಸೇರಿದೆ. ಒಂದು ಸಣ್ಣ ನಿಲ್ದಾಣ, ಒಂದು ನದಿ ಸೇತುವೆ, ಸುತ್ತ ಕಬ್ಬಿನ ಹೊಲ: ಮನೆಯ ಒಂದು ಕೋಣೆಗೆ ಇಷ್ಟು ಸಾಕು.

ತೊಡಕು ಬರುವುದು ಅಳತೆ ಇಳಿಸುವಾಗ. ಹೆಚ್ಚು ಜನ ಬಳಸುವ ಎಚ್‌ಒ ಅಳತೆಯಲ್ಲಿ ಎಲ್ಲವೂ 87ರಲ್ಲಿ ಒಂದು ಪಾಲಾಗುತ್ತದೆ. 52 ಮೀಟರ್ ಧುಮುಕುವ ಗೋಕಾಕ ಜಲಪಾತ 60 ಸೆಂ.ಮೀ. ಆಗಿ ಮೇಜಿನ ಮೂಲೆಯಲ್ಲಿ ಕೂಡುತ್ತದೆ. ತಿರುವು ಹಾಗೆ ಕೂಡುವುದಿಲ್ಲ. ಭಾರತೀಯ ರೈಲ್ವೆ ಬ್ರಾಡ್ ಗೇಜಿನಲ್ಲಿ ಒಪ್ಪುವ ಅತಿ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರ್. ಅದನ್ನು 87ರಿಂದ ಭಾಗಿಸಿದರೂ 2 ಮೀಟರ್ ಉಳಿಯುತ್ತದೆ. ಗಾಡಿ ತಿರುಗಿ ಬರಬೇಕೆಂದರೆ 4 ಮೀಟರ್ ಅಗಲದ ಹಲಗೆ ಬೇಕು. ಮೀಟರ್ ಗೇಜಿನ ಮಿತಿ 109 ಮೀಟರ್, ಅಂದರೆ ಮಾದರಿಯಲ್ಲಿ 1.25 ಮೀಟರ್. ಮನೆಯಲ್ಲಿ ಸಾಮಾನ್ಯವಾಗಿ ಸಿಗುವುದು 60 ಸೆಂ.ಮೀ. ತ್ರಿಜ್ಯ. ನಿಜವಾದ ಬ್ರಾಡ್ ಗೇಜಿನ ಅತಿ ಬಿಗಿ ತಿರುವಿಗಿಂತ ಇದು ಮೂರು ಪಟ್ಟಿಗೂ ಹೆಚ್ಚು ಬಿಗಿ. ಕೋಣೆ ಚಿಕ್ಕದಿದ್ದರೆ ಮೀಟರ್ ಗೇಜ್ ಕಾಲದ ಘಟಪ್ರಭಾವನ್ನು ಆರಿಸಿಕೊಳ್ಳುವುದು ಜಾಣತನ. ಅದಕ್ಕೆ 12 ಮಿ.ಮೀ. ಅಗಲದ ಬಾಗುವ ಹಳಿ ಸಿಗುತ್ತದೆ, ತಿರುವೂ ಕಣ್ಣಿಗೆ ಅಷ್ಟು ಕೃತಕವಾಗಿ ಕಾಣುವುದಿಲ್ಲ. ಬ್ರಾಡ್ ಗೇಜ್ ಬೇಕೆನ್ನುವವರು ಎಚ್‌ಒದ 16.5 ಮಿ.ಮೀ. ಹಳಿಯನ್ನೇ ಬಳಸುತ್ತಾರೆ. ಲೆಕ್ಕದ ಪ್ರಕಾರ 19 ಮಿ.ಮೀ.ಗಿಂತ ತುಸು ಹೆಚ್ಚಿರಬೇಕಿತ್ತು, ಆದರೆ ಆ ಅಗಲದ ಸಿದ್ಧ ಹಳಿ ಸುಲಭಕ್ಕೆ ಸಿಗುವುದಿಲ್ಲ.

ತಿರುವು ಬಿಗಿಯಾಗಿರುವುದು ನಿಜ ಅಂದಮೇಲೆ ಹಳಿ ತಪ್ಪಿಸುವುದೂ ಆ ಬಿಗಿಯೇ ಅಲ್ಲವೇ ಎಂದು ನೀವು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಐಸಿಎಫ್ (ಇಂಟಿಗ್ರಲ್ ಕೋಚ್ ಫ್ಯಾಕ್ಟರಿ) ಮಾದರಿಯ ಪ್ರಯಾಣಿಕರ ಬೋಗಿ ಬಫರ್‌ನಿಂದ ಬಫರ್‌ಗೆ ಸುಮಾರು 22.3 ಮೀಟರ್, ಮಾದರಿಯಲ್ಲಿ 256 ಮಿ.ಮೀ. ಅದರ ಅಡಿ ಮುಂದೊಂದು ಹಿಂದೊಂದು ಇರುವ ನಾಲ್ಕು ಗಾಲಿಗಳ ಕಟ್ಟುಗಳ ನಡುವಿನ ಅಂತರ ಮಾದರಿಯಲ್ಲಿ 170 ಮಿ.ಮೀ. ಬೋಗಿ ಬಾಗುವುದಿಲ್ಲ, ಹಳಿ ಬಾಗಿರುತ್ತದೆ. ಆದ್ದರಿಂದ 60 ಸೆಂ.ಮೀ. ತಿರುವಿನಲ್ಲಿ ಬೋಗಿಯ ಎರಡೂ ತುದಿಗಳು ಹಳಿಯ ನಡುಗೆರೆಯಿಂದ ಸುಮಾರು 7.6 ಮಿ.ಮೀ. ಹೊರಕ್ಕೆ ಚಾಚುತ್ತವೆ. ಎರಡು ಬೋಗಿಗಳೂ ತಿರುವಿನೊಳಗೇ ಇದ್ದರೆ ಎರಡರ ತುದಿಗಳೂ ಸರಿಸಮ ಹೊರಗಿರುತ್ತವೆ. ಒಂದರ ಕೊಂಡಿ ಇನ್ನೊಂದರ ಕೊಂಡಿಗೆ ಎದುರಾಗಿಯೇ ನಿಲ್ಲುತ್ತದೆ, ಅಡ್ಡ ಎಳೆತ ಹುಟ್ಟುವುದಿಲ್ಲ. ಈಗ ಮುಂದಿನ ಬೋಗಿ ತಿರುವಿಗೆ ಇಳಿದಿದೆ, ಹಿಂದಿನದು ಇನ್ನೂ ನೇರ ಹಳಿಯ ಮೇಲಿದೆ ಅಂದುಕೊಳ್ಳಿ. ಹಿಂದಿನದರ ತುದಿ ನಡುಗೆರೆಯ ಮೇಲೆಯೇ ಇದೆ, ಮುಂದಿನದರ ತುದಿ 7.6 ಮಿ.ಮೀ. ಹೊರಗಿದೆ. ಆ ಇಡೀ ವ್ಯತ್ಯಾಸವನ್ನು ಒಂದು ಪುಟ್ಟ ಕೊಂಡಿ ತಡೆದುಕೊಳ್ಳಬೇಕು. ಅದರಿಂದಾಗದಿದ್ದರೆ ಅದು ಹಗುರವಾದ ಬೋಗಿಯ ತುದಿಯನ್ನು ಅಡ್ಡಕ್ಕೆ ನೂಕುತ್ತದೆ, ಗಾಲಿಯ ಅಂಚು ಹಳಿ ಏರುತ್ತದೆ. ಹಿಂದಕ್ಕೆ ತಳ್ಳುವಾಗ ಕೊಂಡಿಗಳು ಒತ್ತಿಕೊಂಡಿರುವುದರಿಂದ ನೂಕು ಇನ್ನೂ ಜೋರು.

ನಿಜವಾದ ರೈಲ್ವೆ ಇದಕ್ಕೆ ಉತ್ತರ ಕಂಡುಕೊಂಡು ಬಹಳ ಕಾಲವಾಯಿತು. ಅಲ್ಲಿ ನೇರ ಹಳಿ ಒಮ್ಮೆಲೇ ಪೂರ್ತಿ ತಿರುವಿಗೆ ಸೇರುವುದಿಲ್ಲ. ನಡುವೆ ಬಾಗು ಸ್ವಲ್ಪ ಸ್ವಲ್ಪವಾಗಿ ಹೆಚ್ಚುತ್ತ ಹೋಗುವ ಒಂದು ತುಂಡು ಇರುತ್ತದೆ, ಅದನ್ನು ಟ್ರಾನ್ಸಿಶನ್ ಕರ್ವ್ ಎನ್ನುತ್ತಾರೆ. ನಾವಿಲ್ಲಿ ಸಂಧಿ ತಿರುವು ಅನ್ನೋಣ. ಮೇಲಿನ ಲೆಕ್ಕಕ್ಕೆ 40 ಸೆಂ.ಮೀ. ಉದ್ದದ ಸಂಧಿ ತಿರುವು ಸೇರಿಸಿದರೆ ಎರಡು ಕೊಂಡಿಗಳ ನಡುವಿನ ವ್ಯತ್ಯಾಸ 7.6ರಿಂದ ಸುಮಾರು 3.3 ಮಿ.ಮೀ.ಗೆ ಇಳಿಯುತ್ತದೆ. ತ್ರಿಜ್ಯ ಅದೇ, ಬೋಗಿ ಅದೇ, ತೊಂದರೆ ಅರ್ಧಕ್ಕಿಂತ ಕಡಿಮೆ. ಕಾರ್ಖಾನೆಯಲ್ಲಿ ಬಾಗಿಸಿಟ್ಟ ತುಂಡು ಹಳಿಗಳಿಂದ ಇದನ್ನು ಸಲೀಸಾಗಿ ಮಾಡಲಾಗದು, ಅವುಗಳಲ್ಲಿ ಪ್ರತಿ ತುಂಡಿನ ಬಾಗೂ ಮೊದಲೇ ನಿಗದಿ. ಬಾಗುವ ಹಳಿಯಲ್ಲಿ ಪ್ಲಾಸ್ಟಿಕ್ ಸ್ಲೀಪರುಗಳ ನಡುವೆ ಹಳಿ ಜಾರುತ್ತದೆ. ಎರಡು ಕೈಯಲ್ಲಿ ಹಿಡಿದು ಬಾಗಿಸಿದರೆ ಅದು ಬಿಲ್ಲಿನಂತೆ ತನಗೆ ತಾನೇ ಹಂತಹಂತವಾದ ಬಾಗು ಪಡೆಯುತ್ತದೆ. ಆ ಗುಣಕ್ಕಾಗಿಯೇ ಅದನ್ನು ಕೊಳ್ಳಬೇಕು. ಬಾಗುವ ಹಳಿ ತಂದು, ಕಂಪಾಸಿನಿಂದ ಬರೆದ ವೃತ್ತದ ಮೇಲೆ ಒತ್ತಿ ಹಿಡಿದು ಮೊಳೆ ಹೊಡೆದರೆ ಅದಕ್ಕೆ ಕೊಟ್ಟ ಹಣ ವ್ಯರ್ಥ.

ಜಾಗವೇ ಇಲ್ಲದ ಕೋಣೆಯಲ್ಲಿ ಸಂಧಿ ತಿರುವಿಗೆ ಎಲ್ಲಿಂದ ಜಾಗ ತರುವುದು ಅನ್ನುವುದು ನ್ಯಾಯವಾದ ಪ್ರಶ್ನೆ. ಸಂಧಿಯ ಉದ್ದದ ವರ್ಗವನ್ನು ತ್ರಿಜ್ಯದ 24 ಪಟ್ಟಿನಿಂದ ಭಾಗಿಸಿದರೆ, ನೇರ ಹಳಿಯನ್ನು ಎಷ್ಟು ಹೊರಕ್ಕೆ ಸರಿಸಬೇಕೆಂದು ಸಿಗುತ್ತದೆ. 40 ಸೆಂ.ಮೀ. ಸಂಧಿಗೆ, 60 ಸೆಂ.ಮೀ. ತ್ರಿಜ್ಯಕ್ಕೆ ಬರುವ ಉತ್ತರ ಕೇವಲ 11 ಮಿ.ಮೀ. 30 ಸೆಂ.ಮೀ. ಸಂಧಿಗಾದರೆ 6 ಮಿ.ಮೀ. ಚಿಲ್ಲರೆ. ಅಗಲದಲ್ಲಿ ಇಷ್ಟೇ ಖರ್ಚು. ಉದ್ದದಲ್ಲಿ ಸಂಧಿಯ ಅರ್ಧ ಭಾಗ ನೇರ ಹಳಿಯ ಪಾಲಿನಿಂದ, ಇನ್ನರ್ಧ ತಿರುವಿನ ಪಾಲಿನಿಂದ ಹೋಗುತ್ತದೆ. ಹಾಗಾಗಿ ತಿರುವಿನ ಬಾಯಲ್ಲೇ ಪಾಯಿಂಟ್, ಅಂದರೆ ಹಳಿ ಕವಲೊಡೆಯುವ ತುಂಡು, ಇಟ್ಟು ನಕ್ಷೆ ಬರೆದವರು ಮಾತ್ರ ಅದನ್ನು 20 ಸೆಂ.ಮೀ. ಹಿಂದಕ್ಕೆ ಸರಿಸಬೇಕಾಗುತ್ತದೆ. ಜಾಗ ಉಳಿಸಬೇಕೆಂದರೆ ತಿರುವಿನ ತ್ರಿಜ್ಯವನ್ನೇ 1 ಸೆಂ.ಮೀ. ಕಡಿಮೆ ಮಾಡಿ, ಸಂಧಿಯನ್ನು ಬಿಡಬೇಡಿ.

ಹಾಸುವ ಕ್ರಮ

1. ಹಲಗೆ. 12 ಮಿ.ಮೀ. ಪ್ಲೈವುಡ್, ಅದರ ಅಡಿಗೆ 40 ಸೆಂ.ಮೀ.ಗೊಂದರಂತೆ ಅಡ್ಡಪಟ್ಟಿ. ಮುಂಗಾರಿನಲ್ಲಿ ಮರ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹಳಿ ಕೆಡುವುದರಲ್ಲಿ ಲೋಹದ ಹಿಗ್ಗುವಿಕೆಯಷ್ಟೇ ಪಾಲು ಇದಕ್ಕೂ ಇದೆ. ಆದ್ದರಿಂದ ಹಲಗೆಯ ಎರಡೂ ಮುಖಕ್ಕೆ, ಕತ್ತರಿಸಿದ ಅಂಚುಗಳಿಗೆ ಮರೆಯದೆ, ಪ್ರೈಮರ್ ಬಳಿಯಿರಿ. ಮೇಲ್ಮುಖಕ್ಕೆ ಮಾತ್ರ ಬಣ್ಣ ಹಚ್ಚಿದರೆ ಬೋಳಾದ ಮುಖವೊಂದೇ ತೇವ ಹೀರಿ ಹಲಗೆ ಸೊಟ್ಟಗಾಗುತ್ತದೆ. ಹಳಿಯ ಅಡಿಗೆ 3 ಮಿ.ಮೀ. ಕಾರ್ಕ್ ಶೀಟ್ ಅಂಟಿಸಿ, ಅಂಟು ಒಣಗಿದ ಮೇಲೆ ಪಾಲಿಶ್ ಪೇಪರ್ ಸುತ್ತಿದ ಮರದ ತುಂಡಿನಿಂದ ಉಜ್ಜಿ ಸಮ ಮಾಡಿ.

2. ಗೆರೆ. ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಕೆಲಸ ಇದು. ಒಂದು ಪಟ್ಟಿಗೆ ಮೊಳೆ ಮತ್ತು ಪೆನ್ಸಿಲ್ ಕಟ್ಟಿಕೊಂಡು 60 ಸೆಂ.ಮೀ. ತ್ರಿಜ್ಯದ ತಿರುವನ್ನು ಬರೆಯಿರಿ. ನೇರ ಗೆರೆಯನ್ನು ಆ ವೃತ್ತಕ್ಕೆ ತಾಗಿಸದೆ, 11 ಮಿ.ಮೀ. ಹೊರಗೆ ಬರೆಯಿರಿ. ವೃತ್ತವೂ ನೇರ ಗೆರೆಯೂ ಅತಿ ಹತ್ತಿರ ಬರುವ ಬಿಂದುವಿನಿಂದ ಎರಡೂ ಕಡೆಗೆ 20 ಸೆಂ.ಮೀ. ಗುರುತು ಹಾಕಿ. ಈಗ ಬಡಿಗೇರರ ಹತ್ತಿರ ಸಿಗುವ, ಗಂಟಿಲ್ಲದ ತೆಳು ಬೀಡಿಂಗ್ ಪಟ್ಟಿಯನ್ನು ತಂದು, ಒಂದು ಕಡೆ ನೇರ ಗೆರೆಯ ಗುರುತಿನವರೆಗೆ, ಇನ್ನೊಂದು ಕಡೆ ವೃತ್ತದ ಗುರುತಿನವರೆಗೆ ಮೊಳೆಗಳ ನಡುವೆ ಬಿಗಿಯಾಗಿ ಹಿಡಿಸಿ. ನಡುವಿನ 40 ಸೆಂ.ಮೀ.ಯನ್ನು ಮುಟ್ಟಬೇಡಿ. ಪಟ್ಟಿ ತಾನಾಗಿ ತಾಳಿದ ಆಕಾರವೇ ನಿಮಗೆ ಬೇಕಾದ ಸಂಧಿ. ಅದರ ಗುಂಟ ಪೆನ್ಸಿಲ್ ಎಳೆಯಿರಿ. ಗಣಿತದ ಪಟ್ಟಿ ಇಟ್ಟುಕೊಂಡು ಬಿಂದು ಬಿಂದು ಲೆಕ್ಕ ಹಾಕಿದರೂ ಇದಕ್ಕಿಂತ ಹೆಚ್ಚೇನೂ ಸಿಗುವುದಿಲ್ಲ. ಎಡಕ್ಕೆ ತಿರುಗಿ ತಕ್ಷಣ ಬಲಕ್ಕೆ ತಿರುಗುವ ಕಡೆ ಎರಡು ತಿರುವುಗಳ ನಡುವೆ ಒಂದು ಬೋಗಿಯ ಉದ್ದ, ಅಂದರೆ 25 ಸೆಂ.ಮೀ.ಯಷ್ಟಾದರೂ ನೇರ ಹಳಿ ಇರಲಿ. ಇಲ್ಲದಿದ್ದರೆ ಒಂದು ಬೋಗಿಯ ತುದಿ ಒಂದು ಕಡೆಗೆ, ಪಕ್ಕದ್ದು ಇನ್ನೊಂದು ಕಡೆಗೆ ಚಾಚಿ ವ್ಯತ್ಯಾಸ ಇಮ್ಮಡಿಯಾಗುತ್ತದೆ.

3. ಜೋಡಣೆ. ಬಾಗುವ ಹಳಿ ಸಾಮಾನ್ಯವಾಗಿ 914 ಮಿ.ಮೀ. ಉದ್ದ ಬರುತ್ತದೆ. 60 ಸೆಂ.ಮೀ. ತ್ರಿಜ್ಯದ ಕಾಲು ಸುತ್ತಿಗೆ ಬೇಕಾಗುವುದು 942 ಮಿ.ಮೀ. ಹಾಗಾಗಿ ಎಷ್ಟೇ ಜಾಣತನ ಮಾಡಿದರೂ ಒಂದು ಕೂಡು ತಿರುವಿನಲ್ಲಿ ಬಂದೇ ಬರುತ್ತದೆ. ಬಾಗಿದ ಎರಡು ತುದಿಗಳನ್ನು ಆಮೇಲೆ ಕೂಡಿಸಲು ಹೋದರೆ, ಎರಡೂ ನೆಟ್ಟಗಾಗಲು ಹವಣಿಸುವುದರಿಂದ ಅಲ್ಲಿ ಒಂದು ಮೂಲೆ ಹುಟ್ಟುತ್ತದೆ. ಆ ಮೂಲೆಯಲ್ಲಿ ಗಾಲಿ ಮೇಲೇರುತ್ತದೆ. ಅದಕ್ಕೆ ಎರಡು ಹಳಿಗಳನ್ನು ಮೇಜಿನ ಮೇಲೆ ನೆಟ್ಟಗಿಟ್ಟು, ಕೂಡಿಸುವ ತಗಡು ತೊಡಿಸಿ, ಬೆಸುಗೆ ಹಾಕಿ, ಆಮೇಲೆ ಎರಡನ್ನೂ ಒಂದೇ ಹಳಿಯೆಂಬಂತೆ ಬಾಗಿಸಿ. ಒಂದೇ ಕಡೆಯ ಹಳಿ ಜಾರುವ ಬಗೆಯದಾದರೆ ಆ ಹಳಿ ತಿರುವಿನ ಒಳಬದಿಗೆ ಬರಲಿ. ಬೆಸುಗೆಗೆ ರಾಳದ ಫ್ಲಕ್ಸ್ ಸಾಕು, ಆಮ್ಲದ್ದು ದಿನ ಕಳೆದಂತೆ ಲೋಹ ತಿನ್ನುತ್ತದೆ. ಕಾವು ಸ್ಲೀಪರಿಗೆ ಹರಿಯದಂತೆ ಕೂಡಿನ ಎರಡೂ ಪಕ್ಕ ಒದ್ದೆ ಹತ್ತಿ ಇಡಿ. ಕಿಟಕಿ ತೆರೆದಿರಲಿ, ಮಕ್ಕಳು ದೂರವಿರಲಿ.

4. ಕತ್ತರಿಸುವುದು. ಬಾಗಿಸಿದಾಗ ಒಳಬದಿಯ ಹಳಿ ಹೊರಕ್ಕೆ ಚಾಚಿಕೊಳ್ಳುತ್ತದೆ. ಎಷ್ಟು ಅನ್ನುವುದು ತ್ರಿಜ್ಯದ ಮೇಲೆ ನಿಂತಿಲ್ಲ ಅನ್ನುವುದು ಹೊಸಬರಿಗೆ ಅಚ್ಚರಿ. ಎರಡು ಹಳಿಗಳ ಅಂತರವನ್ನು ತಿರುಗಿದ ಕೋನದಿಂದ ಗುಣಿಸಿದಷ್ಟು, ಅಷ್ಟೇ. ಕಾಲು ಸುತ್ತಿಗೆ ಸುಮಾರು 26 ಮಿ.ಮೀ., ಅರ್ಧ ಸುತ್ತಿಗೆ 52 ಮಿ.ಮೀ., ತಿರುವು ಬಿಗಿಯಿರಲಿ ಸಡಿಲವಿರಲಿ. ಆದರೆ ಮೊದಲೇ ಅಳೆದು ಕತ್ತರಿಸಬೇಡಿ. ಹಳಿಯನ್ನು ಗೆರೆಯ ಮೇಲೆ ಕೂರಿಸಿ, ಪಿನ್ನಿನಿಂದ ಹಿಡಿಸಿ, ಆಮೇಲೆ ಗುರುತು ಹಾಕಿ ಕತ್ತರಿಸಿ. ಹಳಿ ಕತ್ತರಿಸುವ ಇಕ್ಕಳದ ಚಪ್ಪಟೆ ಮುಖ ಉಳಿಯುವ ತುಂಡಿನ ಕಡೆಗಿರಲಿ. ಕತ್ತರಿಸಿದ ತುದಿಯ ಮೇಲ್ಭಾಗ, ಒಳಬದಿ, ಅಡಿ, ಮೂರನ್ನೂ ಸಣ್ಣ ಅರದಿಂದ ಉಜ್ಜಿ. ಬೆರಳಿಗೆ ತಗಲುವ ಒಂದು ಸಣ್ಣ ಮುಳ್ಳೂ ಗಾಲಿಯನ್ನು ಎತ್ತಬಲ್ಲದು. ತುಂಡು ಹಾರುತ್ತದೆ, ಕಣ್ಣಿಗೆ ಕನ್ನಡಕ ಇರಲೇಬೇಕು.

5. ಸಂದು. ಹಳಿಗೆ ಬಳಸುವ ನಿಕಲ್ ಸಿಲ್ವರ್ ಲೋಹ ಒಂದು ಮೀಟರಿಗೆ 25 ಡಿಗ್ರಿ ಏರಿಕೆಯಲ್ಲಿ ಸುಮಾರು 0.4 ಮಿ.ಮೀ. ಹಿಗ್ಗುತ್ತದೆ. ನಮ್ಮ ಸೀಮೆಯಲ್ಲಿ ಜನವರಿಯ ಬೆಳಗಿಗೂ ಏಪ್ರಿಲ್‌ನ ಮಧ್ಯಾಹ್ನಕ್ಕೂ ಅಷ್ಟು ವ್ಯತ್ಯಾಸ ಆಗುವಂಥದ್ದೇ, ಮೇಲ್ಛಾವಣಿ ತಗಡಿನದಾದರೆ ಇನ್ನೂ ಹೆಚ್ಚು. ತಿರುವಿನ ಕೂಡುಗಳಿಗೆಲ್ಲ ಬೆಸುಗೆ ಹಾಕಿದ ಮೇಲೆ ಹಳಿ ಹಿಗ್ಗುವುದಾದರೂ ಎಲ್ಲಿ ಎಂದು ಆಕ್ಷೇಪ ಬರುತ್ತದೆ. ಅದಕ್ಕೇ ನೇರ ಹಳಿಯ ಕೂಡುಗಳಿಗೆ ಬೆಸುಗೆ ಬೇಡ. ಅಲ್ಲಿ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಬಿಡಿ. ಚಳಿಗಾಲದ ಬೆಳಗ್ಗೆ ಹಾಸುವುದಾದರೆ ಸ್ವಲ್ಪ ಧಾರಾಳವಾಗಿ, ಸುಡುಬೇಸಿಗೆಯ ನಡುಹಗಲಿನಲ್ಲಾದರೆ ಹೆಚ್ಚುಕಡಿಮೆ ತಾಗುವಂತೆ. ಬೆಸುಗೆಯಿಲ್ಲದ ಕೂಡುಗಳನ್ನು ಕರೆಂಟ್ ದಾಟಿಸಲು ನಂಬಬೇಡಿ. ಪ್ರತಿ ತುಂಡಿಗೂ ಅಡಿಯಿಂದ ಪ್ರತ್ಯೇಕ ತಂತಿ ಕೊಡಿ.

6. ಹಿಡಿಸುವುದು. ಮೊಳೆಗಿಂತ ಅಂಟು ಮೇಲು. ಮೊಳೆಯನ್ನು ಒಂದು ಕೂದಲೆಳೆ ಹೆಚ್ಚು ಹೊಡೆದರೂ ಸ್ಲೀಪರ್ ನಡುವೆ ತಗ್ಗಿ, ಹಳಿಗಳು ಒಳಕ್ಕೆ ವಾಲಿ, ಅಗಲ ಕಡಿಮೆಯಾಗುತ್ತದೆ. ಮೊಳೆಯಾದರೆ ಮುಂದೆ ಕೀಳಬಹುದಲ್ಲ ಅನ್ನುವವರಿಗೆ, ಬಿಳಿ ಫೆವಿಕಾಲ್ ಕೂಡ ನೀರು ಚಿಮುಕಿಸಿದರೆ ಮೆತ್ತಗಾಗುತ್ತದೆ, ಅಕ್ರಿಲಿಕ್ ಸೀಲಂಟ್ ಆದರೆ ತೆಳು ಚಾಕುವಿನಿಂದ ಬಿಡಿಸಬಹುದು. ಅಂಟನ್ನು ಹಳೆಯ ಎಟಿಎಂ ಕಾರ್ಡಿನಿಂದ ತೆಳ್ಳಗೆ ಸವರಿ, ಸ್ಲೀಪರುಗಳ ನಡುವೆ ಉಕ್ಕಿ ಬರಬಾರದು. ಪಾಯಿಂಟ್‌ನ ಚಲಿಸುವ ನಾಲಿಗೆಗಳ ಅಡಿಗೆ ಅಂಟು ಹಾಕಲೇಬೇಡಿ. ಮೇಲೆ ಪುಸ್ತಕಗಳ ಭಾರ ಹೇರಿ ಒಂದು ರಾತ್ರಿ ಬಿಡಿ.

ಸಾಮಾನ್ಯ ತಪ್ಪುಗಳು

ಪಾಯಿಂಟ್‌ಗಳನ್ನು ಕೊನೆಗೆ ಇಡುವುದು ಮೊದಲ ತಪ್ಪು. ಅವು ಬಾಗುವುದಿಲ್ಲ, ಆದ್ದರಿಂದ ಅವನ್ನು ಮೊದಲು ಕೂರಿಸಿ, ಬಾಗುವ ಹಳಿಯನ್ನು ಅವುಗಳಿಗೆ ಹೊಂದಿಸಬೇಕು. ಕೂಡಿನ ತಗಡು ಸೇರಿಸಲು ಕೊನೆಯ ಎರಡು ಸ್ಲೀಪರುಗಳನ್ನು ಕಿತ್ತು, ಆಮೇಲೆ ಆ ಜಾಗವನ್ನು ಖಾಲಿ ಬಿಡುವುದು ಇನ್ನೊಂದು. ಆಧಾರವಿಲ್ಲದ ಕೂಡು ಭಾರಕ್ಕೆ ಕುಸಿಯುತ್ತದೆ. ಕಿತ್ತ ಸ್ಲೀಪರಿನ ಮೇಲಿನ ಉಬ್ಬುಗಳನ್ನು ಕೆತ್ತಿ ಅಡಿಗೆ ತೂರಿಸಿ.

ತಿರುವಿನಲ್ಲಿ ಹೊರಬದಿಯ ಹಳಿಯನ್ನು ಎತ್ತರಿಸುವ ಆಸೆ ಹಲವರಿಗಿದೆ, ನಿಜವಾದ ರೈಲ್ವೆ ಹಾಗೆ ಮಾಡುತ್ತದೆ ಅನ್ನುವುದು ಅವರ ಸಮರ್ಥನೆ. ಅಲ್ಲಿ ಅದು ವೇಗದಿಂದ ಬರುವ ಹೊರನೂಕಿಗೆ ಮಾಡಿದ ಪರಿಹಾರ. ಮಾದರಿಯ ಹಗುರ ಬೋಗಿಗೆ, ಅದರ ವೇಗಕ್ಕೆ, ಆ ನೂಕು ಲೆಕ್ಕಕ್ಕೇ ಬರುವಷ್ಟಿಲ್ಲ. ಬದಲಿಗೆ ಹಳಿ ಎತ್ತರಿಸಿದರೆ, ಉದ್ದನೆಯ ಗಾಡಿಯನ್ನು ಎಂಜಿನ್ ಎಳೆಯುವಾಗ ಬೋಗಿಗಳು ಒಳಕ್ಕೆ ಉರುಳುವ ಅಪಾಯ ಹೆಚ್ಚುತ್ತದೆ. ನೋಟಕ್ಕಾಗಿ ಬೇಕೇ ಬೇಕೆಂದರೆ 1 ಮಿ.ಮೀ. ಮೀರದಿರಲಿ, ಆ ಏರಿಕೆಯೂ ಸಂಧಿ ತಿರುವಿನ ಉದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಬರಲಿ.

ನಿಜವಾದ ಸಂಧಿ ಹೇಗೆ ಕಾಣುತ್ತದೆ ಎಂದು ನೋಡಲು ತಿರುವಿನ ಹತ್ತಿರದ ಯಾವ ನಿಲ್ದಾಣದ ಪ್ಲಾಟ್‌ಫಾರ್ಮ್ ಆದರೂ ಆಗುತ್ತದೆ. ಹಳಿಗೆ ಇಳಿಯದೆ, ಪ್ಲಾಟ್‌ಫಾರ್ಮ್‌ನ ತುದಿಯಲ್ಲಿ ನಿಂತು ಹಳಿಯ ಗುಂಟ ಕಣ್ಣು ಹಾಯಿಸಿದರೆ ತಿರುವು ಎಲ್ಲಿ ಶುರುವಾಯಿತೆಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಮಿರಜ ಮಾರ್ಗವಾಗಿ ಪುಣೆಗೆ ಹೋಗುವವರು ಕೋಥರೂಡಿನಲ್ಲಿ ಜೋಶಿಯವರ ಕಿರು ರೈಲ್ವೆ ಸಂಗ್ರಹಾಲಯ ನೋಡಿ ಬರಬಹುದು.

ಜಲ್ಲಿ ಹಾಕುವ ಮುನ್ನ

ಅಂಟು ಒಣಗಿದ ಮೇಲೆ ಜಲ್ಲಿಗೆ ಅವಸರ ಬೇಡ, ಜಲ್ಲಿ ಕೂತ ಹಳಿಯನ್ನು ತಿದ್ದುವುದು ಕಷ್ಟ. ಮೊದಲು ಕಣ್ಣನ್ನು ಹಳಿಯ ಮಟ್ಟಕ್ಕೆ ತಂದು ಗುಂಟ ನೋಡಿ. ಮೇಲಿಂದ ಕಾಣದ ಮೂಲೆ ಆ ನೋಟಕ್ಕೆ ಸಿಕ್ಕಿಬೀಳುತ್ತದೆ. ಆಮೇಲೆ ಒಂದೇ ಬೋಗಿಯನ್ನು ಬೆರಳಿನಿಂದ ನಿಧಾನ ತಳ್ಳಿ, ಗಾಲಿ ಟಕ್ ಅಂದ ಕಡೆಯೆಲ್ಲ ಪೆನ್ಸಿಲ್ ಗುರುತು ಹಾಕಿ. ಕೊನೆಗೆ ನಿಮ್ಮಲ್ಲಿರುವ ಅತಿ ಉದ್ದದ ಬೋಗಿಗಳನ್ನೇ ಕೂಡಿಸಿ, ಇಡೀ ಗಾಡಿಯನ್ನು ಎಂಜಿನ್‌ನಿಂದ ಹಿಂದಕ್ಕೆ ತಳ್ಳಿಸಿ, ಸಂಧಿಯ ಹತ್ತಿರ ಕೊಂಡಿಗಳನ್ನು ನೋಡುತ್ತಿರಿ. ಒಂದೊಂದು ಕೊಂಡಿಯೂ ಅಡ್ಡಕ್ಕೆ ಜಿಗಿಯದೆ ಮೆಲ್ಲಗೆ ಹೊರಳಬೇಕು. ಜಿಗಿದರೆ ಆ ಜಾಗದ ಅಂಟು ಬಿಡಿಸಿ, ಬೀಡಿಂಗ್ ಪಟ್ಟಿಯನ್ನು ಮತ್ತೆ ಹಿಡಿಸಿ, ಗೆರೆ ತಿದ್ದಿ. ಹಿಮ್ಮುಖವಾಗಿ ಹಲವು ಸುತ್ತು ಸರಾಗವಾಗಿ ಹೋದ ಮೇಲೆ ಜಲ್ಲಿ ಹಾಕಿ. ಜಲ್ಲಿಗೆ ಜರಡಿ ಹಿಡಿದ ನುಣ್ಣನೆಯ ಕಲ್ಲುಪುಡಿ ಅಥವಾ ಮರಳು ನಡೆಯುತ್ತದೆ. ಸುರಿಯುವ ಮುಂಚೆ ಅದರ ಮೇಲೆ ಅಯಸ್ಕಾಂತ ಆಡಿಸಿ. ಕಬ್ಬಿಣದ ಕಣಗಳು ಉಳಿದರೆ ಎಂಜಿನ್ನಿನ ಮೋಟರಿನ ಅಯಸ್ಕಾಂತ ಅವನ್ನು ಎಳೆದುಕೊಳ್ಳುತ್ತದೆ.